ಉಣ್ಣೆಯ ನರಿ

ಒಲೆಗೆ ಕಲ್ಲಿದ್ದಲಿನ ಉಂಡೆ ಎರಡು ಹಾಕಿದ್ದೇನೆ.
ಮೂರು ಹಾಕಿದರೆ ಹೊಗೆಯ ಭಯ:
ಉಲಾನ್‌ಬಾತರಿನ ಈ ಗುಡ್ಡದ ಓರೆಯಲ್ಲಿ
ಹೊಗೆ ಹೊರಗೆ ಹೋಗಲು ಮರೆತ ರಾತ್ರಿಗಳ ಕಥೆ
ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ.
ಎರಡಕ್ಕೇ ನಿಲ್ಲಿಸಿದರೆ ಚಳಿಯ ಭಯ.
ಹೊರಗೆ ಮೈನಸ್ ಮೂವತ್ತೊಂದು.
ಒಳಗೆ ನೀನು,
ಮೂರು ಕಿಲೋ ಇನ್ನೂರು ಗ್ರಾಂ,
ಹನ್ನೊಂದು ದಿನ.

ನನಗೆ ಲಾರಿಯ ಟೈರು ಗೊತ್ತು.
ಒಂದೇ ಒಂದು ಸಲ ಒದ್ದು ಗಾಳಿ ಎಷ್ಟಿದೆ ಹೇಳಬಲ್ಲೆ.
ನಿನ್ನ ನೆತ್ತಿ ಮುಟ್ಟಲಾರೆ.
ಅಲ್ಲಿ ಮೂಳೆಯಿಲ್ಲ; ತೆಳ್ಳನೆ ಚರ್ಮದಡಿ
ಏನೋ ಮಿಡಿಯುತ್ತದೆ.
ಪ್ಯಾಚು ಹಾಕಲಾಗದ ಜಾಗ.

ಕುರಿ ಈಯುವುದೂ ಗೊತ್ತು.
ಎಂಟು ವರ್ಷದವನಿದ್ದಾಗಲೇ ಅಪ್ಪನ ಜೊತೆ ಕೂತು
ಮರಿಯ ಮೂಗು ಒರೆಸಿದವನು, ಒಣಹುಲ್ಲಲ್ಲಿ ಮೈ ತಿಕ್ಕಿದವನು.
ಅರ್ಧ ಗಂಟೆ, ಅಷ್ಟೇ. ನಾಲ್ಕೂ ಕಾಲು ನಡುಗಿಸುತ್ತ ಎದ್ದು
ಕೆಚ್ಚಲು ತಾನೇ ಹುಡುಕಿಕೊಳ್ಳುತ್ತದೆ.
ನೀನು ಹನ್ನೊಂದು ದಿನಕ್ಕೂ ಕತ್ತು ನಿಲ್ಲಿಸಿಲ್ಲ.
ಇದು ಸರಿಯೇ ಎಂದು ನರ್ಸನ್ನು ಕೇಳಿದೆ.
ಅವಳು ಒಳಗೆ ಹೋಗಿ ಇನ್ನೊಬ್ಬ ನರ್ಸಿಗೂ ಹೇಳಿದಳು,
ಇಬ್ಬರೂ ನಕ್ಕರು.

ಬೇಲಿಯಾಚೆಯ ದುಲ್ಮಾ ಅಜ್ಜಿ ಸುತ್ತಲು ಕಲಿಸಿದಳು:
ಎಡಗೈ ಒಳಗೆ, ಬಲಗೈ ಒಳಗೆ, ಕಾಲು ನೆಟ್ಟಗೆ,
ಮೂರು ಕಡೆ ದಾರ.
ನನ್ನ ಗಂಟು ನೋಡಿ, "ಲಾರಿಗೆ ಹೇರುವ ಸಾಮಾನಲ್ಲ, ಮಾರಾಯ" ಎಂದಳು.
ಒಲೆಯ ಮಸಿ ಬೆರಳಿಗಂಟಿಸಿ ನಿನ್ನ ಹಣೆಗೆ ತೀಡಿ
"ಥೂ, ಏನು ಕುರೂಪಿ!" ಎಂದು ಗಟ್ಟಿಯಾಗಿ ಬೈದಳು
ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲೆಂದು.
ಆಮೇಲೆ ಬಾಗಿ ನೆತ್ತಿ ಮೂಸಿದಳು.
ಬಹಳ ಹೊತ್ತು ಮೂಸಿದಳು.

ನಿನ್ನ ಅಮ್ಮ ಆ ಕಡೆ ತಿರುಗಿ ಮಲಗಿದ್ದಾಳೆ.
ಹಾಲು ಬಂದಿದೆ, ಅವಳಿನ್ನೂ ಬಂದಿಲ್ಲ.
ನೀನು ಅತ್ತರೆ ಎದೆ ಕೊಡುತ್ತಾಳೆ, ಮುಖ ಕೊಡುವುದಿಲ್ಲ.
ನಾಮೂನ್, ಚಹಾ? ಎಂದರೆ ಹೂಂ. ಉಪ್ಪು ಸಾಕಾ? ಹೂಂ.
ಬಟ್ಟಲಿನ ಮೇಲೆ ಕೆನೆ ಕಟ್ಟುತ್ತದೆ.

ಮರಿಯನ್ನು ಒಲ್ಲದ ಕುರಿಗೆ ನಮ್ಮಲ್ಲಿ ಹಾಡುತ್ತಾರೆ:
ತೋಯಿಗ್, ತೋಯಿಗ್, ತೋಯಿಗ್.
ಅದಕ್ಕೆ ಅರ್ಥವಿಲ್ಲ, ಅದಕ್ಕೇ ಕುರಿಗೆ ತಿಳಿಯುತ್ತದೆ.
ನನ್ನ ಅಜ್ಜಿ ಹಿಮದಲ್ಲಿ ಮಂಡಿಯೂರಿ ಹಾಡುತ್ತಿದ್ದಳು
ಕುರಿ ಕೊನೆಗೂ ತಿರುಗಿ
ಮರಿಯ ಬಾಲದ ಬುಡ ಮೂಸುವ ತನಕ.
ನಿನ್ನೆ ರಾತ್ರಿ ಅದು ನನ್ನ ಗಂಟಲ ತನಕ ಬಂತು.
ನುಂಗಿದೆ.
ಕಟ್ಟಿಕೊಂಡವಳನ್ನು ಕುರಿ ಎಂದುಕೊಂಡೆನಲ್ಲ ಎಂದು
ನೀರಿನ ಕ್ಯಾನು ಹಿಡಿದು ಹೊರಬಿದ್ದೆ.
ನೀರಿನ ಕಟ್ಟೆಗೆ ಬೀಗ ಹಾಕಿತ್ತು.
ಬೀಗ ನೋಡುತ್ತ ನಿಂತೆ.

ನಿದ್ದೆಯಲ್ಲಿ ನಿನ್ನ ತುಟಿ ಕೊಂಕುತ್ತದೆ.
ನರಿ ಬಂದಿದೆ, ಎನ್ನುತ್ತಾಳೆ ದುಲ್ಮಾ.
ನರಿ ಮಗುವಿನ ಕಿವಿಯಲ್ಲಿ ಹೇಳುತ್ತದಂತೆ: ನಿನ್ನಮ್ಮ ಸತ್ತಳು.
ಮಗು ನಗುತ್ತದೆ. ಈಗಷ್ಟೇ ಹಾಲು ಕುಡಿದೆನಲ್ಲ!
ಸರಿ, ನಿನ್ನಪ್ಪ ಸತ್ತ, ಎನ್ನುತ್ತದೆ ನರಿ.
ಅಪ್ಪನ ಸುದ್ದಿ ಮಗುವಿಗೇನು ಗೊತ್ತು? ಅಳುತ್ತದೆ.

ಅದಕ್ಕೇ ಹಳೆಯ ಬೂಟಿನ ಉಣ್ಣೆ ಕತ್ತರಿಸಿ
ಒಂದು ನರಿ ಮಾಡಿ ತೊಟ್ಟಿಲ ಮೇಲೆ ಕಟ್ಟಿದೆ.
ಬರುವ ನರಿ ಇದನ್ನು ಕಂಡು
ಇಲ್ಲಿ ಯಾರೋ ಆಗಲೇ ಇದ್ದಾರೆ ಎಂದು ಹೋಗಲಿ.
ಟೈರಿನ ಚಾಕು, ಒರಟು ಕೈ:
ಅರ್ಧ ನಾಯಿ, ಅರ್ಧ ಪೊರಕೆ.

ಈಗ ಎದ್ದೆ ನೀನು. ಅಳುತ್ತೀ.
ಕತ್ತಿನ ಕೆಳಗೆ ಒಂದು ಕೈ, ಉಳಿದೆಲ್ಲದರ ಕೆಳಗೆ ಒಂದು,
ಎತ್ತಿಕೊಂಡೆ. ಅತ್ತಿತ್ತ ಓಡಾಡಿದೆ, ಒಲೆಯಿಂದ ಬಾಗಿಲಿಗೆ.
ಎಷ್ಟು ಹೊತ್ತೋ. ನನ್ನದೇ ದನಿ ನನಗೆ ಕೇಳಿದ್ದು ತಡವಾಗಿ:
ತೋಯಿಗ್, ತೋಯಿಗ್.

"ನನಗಾ?" ಎಂದಿತು ಹಾಸಿಗೆ.
"ಅಲ್ಲ."
"ಸುಳ್ಳ."
ತುಸು ಹೊತ್ತು ಒಲೆಯದೊಂದೇ ಮಾತು.
"ಆ ನರಿಗೆ ಒಂದೇ ಕಿವಿ ಇದೆ."

ಅದು ಕಾಣಬೇಕಾದರೆ
ಈ ಕಡೆ ತಿರುಗಿರಬೇಕು.

ಮೂರನೆಯ ಉಂಡೆ ಹಾಕಲಾ, ಎಂದೆ.
"ಹಾಕು. ನೀ ಮಲಗು ಸ್ವಲ್ಪ.
ಹೊಗೆ ನಾನು ನೋಡಿಕೊಳ್ಳುತ್ತೇನೆ.
ಅವಳನ್ನು ಇತ್ತ ಕೊಡು."