ಎರಡು ಕೋಣೆಯಷ್ಟು ಉಸಿರು

ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಸಂಜೆ ಆರೂಕಾಲಿಗೆ.
ಮೇ ತಿಂಗಳು, ತಿಕೋಟಾ,
ಹೊರಗೋಡೆ ಮುಟ್ಟಿದರೆ ರೊಟ್ಟಿಯ ಹಂಚು.
ಹೆಸ್ಕಾಂನವರು ನಾಲ್ಕು ದಿನ ಅಂದರು,
ಅಂದರೆ ಆರು.
ಒಳಗೆ ಮೂರು ಕೋಣೆ ಒಣದ್ರಾಕ್ಷಿ,
ಜನರೇಟರಿಗೆ ಉಸಿರಿರುವುದು ಎರಡಕ್ಕೆ.

"ಯಾವುದು ಬಂದ್ ಮಾಡ್ಲಿ, ಅಕ್ಕಾರ?"
ದಾದಾಪೀರ ಸ್ವಿಚ್ಚಿನ ಮೇಲೆ ಕೈಯಿಟ್ಟು
ನನ್ನ ಕಡೆ ನೋಡಲಿಲ್ಲ.
ನೋಡದಿರುವುದು ಅವನು ಕೊಟ್ಟ ಮರ್ಯಾದೆ.

ಒಂದನೆಯದು ತಾಸಗಾಂವದ ವಿಲಾಸ ಶೇಠರದು.
ಮೂರು ವರ್ಷದ ಬಾಡಿಗೆ ಮುಂಗಡ ಎಣಿಸಿದವರು,
ನನ್ನ ತಲೆ ಮೇಲಿನ ಈ ಸ್ಲ್ಯಾಬು
ಆ ದುಡ್ಡಿನಲ್ಲೇ ಹಾಕಿಸಿದ್ದು.
ಎರಡನೆಯದು ಬ್ಯಾಂಕಿನ ಒತ್ತೆ,
ಅವರದೇ ಬೀಗ, ಅವರದೇ ಅರಗು,
ಕೆಟ್ಟರೆ ಮಾತ್ರ ಹೆಸರು ನನ್ನದು.
ಮೂರನೆಯದು ಚಿಲ್ಲರೆ ಮಂದಿ:
ಕಳ್ಳಕವಟಗಿಯ ಸಿದರಾಯ,
ಬಾಬಾನಗರದ ಕಾಶೀಬಾಯಿ.
ಅವಳವು ಹನ್ನೊಂದೇ ಬಾಕ್ಸು,
ಒಂದೊಂದರ ಮೇಲೂ ಮಗಳ ಕೈಯಲ್ಲಿ
ಸ್ಕೆಚ್ ಪೆನ್ನಿನಿಂದ ಬರೆಸಿದ ಹೆಸರು.
ಬಾಡಿಗೆ ಕೊಟ್ಟದ್ದು ಯುಗಾದಿಗೆ ಮುಂಚೆ ಒಮ್ಮೆ.

ಫೋನು ಬಂತು.
"ನಾ ಏನೂ ಹೇಳೂದಿಲ್ಲ ಮೇಡಂ,
ಅಗ್ರಿಮೆಂಟ್ ಒಮ್ಮೆ ಓದ್ಕೊಳ್ರಿ" ಅಂದರು ಮ್ಯಾನೇಜರು.
ಪಾಲುದಾರ ಮಲ್ಲನಗೌಡ ವಿಜಯಪುರದಿಂದ:
"ಶೇಠ್ ಹ್ವಾದ್ರ ಬರೂ ವರ್ಷ ಕೋಣಿ ಖಾಲಿ.
ಚಿಲ್ಲರೆ ಮಂದಿ ಎಲ್ಲಿ ಹೋಗ್ತಾರ? ಇಲ್ಲೇ ಬರ್ತಾರ."
ಸಿದರಾಯ ಫೋನು ಮಾಡಲಿಲ್ಲ,
ಬೈಕ್ ಹತ್ತಿ ಬಂದು
ಗೇಟಿನ ಹೊರಗೆ ಸುಮ್ಮನೆ ಕೂತ.

ಒಬ್ಬರಾದರೂ ಸುಳ್ಳು ಹೇಳಿದ್ದರೆ
ನನಗೆ ಹಗುರಾಗುತ್ತಿತ್ತು.

ಯಾರೂ ಕೇಳದ ಮಾತೊಂದಿತ್ತು:
ಮೂರನೆಯ ಕೋಣೆಯ ಹಿಂದಿನ ಸಾಲಿನಲ್ಲಿ
ನನ್ನವೇ ನೂರಾ ನಲವತ್ತು ಬಾಕ್ಸು.
ಬಡವರ ಪರ ನಿಂತೆ ಅನ್ನಲು ಹೊರಟ ನಾಲಿಗೆಗೆ
ನನ್ನದೇ ಮಾಲಿನ ಸಿಹಿ ಅಂಟಿಕೊಂಡಿತ್ತು.

"ಮೊದಲು ನನ್ನವು ತೆಗೀರಿ" ಅಂದೆ.
ನಾಲ್ಕು ಮಂದಿ ಹಮಾಲರು, ಒಂದೂವರೆ ತಾಸು,
ಶೇಠರ ಕೋಣೆಯ ನಡುದಾರಿಯಲ್ಲಿ ಒಟ್ಟಿದರು.
"ಈಗ ಒಂದು ಬಂದ್ ಮಾಡು."
ದಾದಾಪೀರ ಮಾಡಿದ.
ಅಷ್ಟು ವರ್ಷ ಕೇಳದ ಶಬ್ದವೊಂದು
ನಿಂತಾಗ ಕೇಳಿಸಿತು.

ಫೋನಿನಲ್ಲಿ ಶೇಠರು ಬೈಯಲಿಲ್ಲ.
"ನಿಮ್ಮದೂ ಕೆಟ್ರ
ನನ್ನದು ಉಳೀತದೇನ್ರಿ?" ಅಂದರು.
ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ,
ಇವತ್ತಿಗೂ ಇಲ್ಲ.

ಆರನೆಯ ದಿನ ಕರೆಂಟು.
ಒಂದನೆಯ ಕೋಣೆಯಲ್ಲಿ ಬಾಕ್ಸು ಬಿಚ್ಚಿದೆ:
ಹಸಿರು ಹೋಗಿ ಹಳೇ ಬೆಲ್ಲದ ಬಣ್ಣ.
ಒಂದು ಬಾಯಿಗೆ ಹಾಕಿಕೊಂಡೆ,
ಸಿಹಿ ಎಳ್ಳಷ್ಟೂ ಕಡಿಮೆಯಾಗಿಲ್ಲ.
ಆದರೆ ಪೇಟೆ ತಿನ್ನುವುದು ಕಣ್ಣಿನಿಂದ,
ಕಿಲೋಕ್ಕೆ ಅರವತ್ತು ರೂಪಾಯಿ ಇಳಿಸಿ.

ಮಧ್ಯಾಹ್ನ ಕಾಶೀಬಾಯಿ ಬಂದಳು.
ಹನ್ನೊಂದೂ ಎಣಿಸಿದಳು,
ಒಂದರ ಮುಚ್ಚಳ ಎತ್ತಿ ಮೂಸಿದಳು,
ಸೆರಗಿನಿಂದ ಹೆಸರಿನ ಮೇಲಿನ ದೂಳು ಒರೆಸಿದಳು,
ಆಮೇಲೆ ನನ್ನ ಕಡೆ ತಿರುಗಿ:

"ಕರೆಂಟ್ ಹೋಗಿತ್ತಂತಲ್ಲ ಅಕ್ಕಾರ,
ಬಾಡಿಗಿ ಒಂಚೂರು ಕಡಿಮಿ ಮಾಡ್ರಿ."