ದೂರದ ನೆಂಟರು

ಆಗ ನಾನು ಗೋಣಿಕೊಪ್ಪಲಿನ ಅಂಚೆಯಾಳು.
ಹೆಗಲಲ್ಲಿ ಚೀಲ, ಕಾಲಲ್ಲಿ ಜಿಗಣೆ.
ಕೆಲವು ಮನೆಗಳಿಗೆ ಕಾಗದ ಕೊಡುವುದೂ ನಾನೇ,
ಓದುವುದೂ ನಾನೇ.

ಕುಂಬೆಯಂಡ ಮೇದಪ್ಪನ ಕಾಗದ ಬಂದದ್ದು ನಲವತ್ತೈದರ ಕೊನೆಗೆ.
ಊರ ಹೆಸರಿದ್ದಲ್ಲಿ ಕತ್ತರಿ ಆಡಿ
ಕಿಟಕಿಯಂಥ ತೂತು.
ಅದರಾಚೆ ನನ್ನದೇ ಹೆಬ್ಬೆರಳು.
"ಎಲ್ಲಿದ್ದಾನೆ?" ಅಂದಳು ಅಕ್ಕ ಬೊಳ್ಳಮ್ಮ.
"ಇಲ್ಲಿ" ಎಂದು ತೂತು ತೋರಿಸಿದೆ.
ಮುಂದಿನ ಸಾಲು ಉಳಿದಿತ್ತು:
ಇಲ್ಲೂ ಕಾಫಿ ಇದೆ, ಇಲ್ಲೂ ಹಾಲುವಾಣದ ನೆರಳು,
ಜಪಾನಿನವನು ಸೋತಾಯಿತು, ಆದರೂ ನಮ್ಮನ್ನು ಬಿಟ್ಟಿಲ್ಲ.
ಯಾಕೆಂದು ಬರೆದಿದ್ದನೋ ಏನೋ,
ಅಲ್ಲಿ ಎರಡನೆಯ ಕಿಟಕಿ.

ಮರುವರ್ಷ ಅವನೇ ಬಂದ.
ಅವನ ಮಾತಲ್ಲೂ ಕತ್ತರಿ ಆಡಿತ್ತು.
ತುಂಡು ತುಂಡಾಗಿ ಮೂರು ವರ್ಷ ಹೇಳಿದ್ದು ಇಷ್ಟು:
ಸುರಬಾಯ ಅಂತ ಊರು.
ಗೋಡೆಗೋಡೆಗೂ ಒಂದೇ ಪದ, ಮೆರ್ದೆಕಾ.
ಹಾಗಂದರೇನು ಎಂದರೆ
ಮಲಯದಲ್ಲಿ ಸೆರೆಯಿದ್ದು ಬಂದ ಕ್ಲೀನರ್ ಹೇಳಿದನಂತೆ:
"ನಮ್ಮಲ್ಲಿ ಕೂಗಿದರೆ ಜೈಲಿಗೆ ಹಾಕುತ್ತಾರಲ್ಲ, ಅದೇ."
ಡಚ್ಚರಿಗೆ ಅವರ ತೋಟ ಮರಳಿ ಕೊಡಿಸಲು
ಇಂಗ್ಲಿಷರ ಲಾರಿಯಲ್ಲಿ ಕೊಡವ, ಮರಾಠ, ಗೂರ್ಖ.
ಎದುರಿಗೆ ಒಬ್ಬ ಹುಡುಗ, ಹದಿನೈದಿರಬಹುದು,
ಕೈಯಲ್ಲಿ ಚೂಪು ಮಾಡಿದ ಬಿದಿರು.
"ಬಿದಿರು ಮಾರಾಯ!
ಕಕ್ಕಡದಲ್ಲಿ ಕಣಿಲೆ ಎಂದು ಬೇಯಿಸಿ ತಿನ್ನುತ್ತೇವಲ್ಲ,
ಅದರ ಅಣ್ಣ."
ಅಲ್ಲಿಗೆ ನಿಲ್ಲಿಸುತ್ತಿದ್ದ.
ನಾನು ಕೇಳಲಿಲ್ಲ.
ಅಂಚೆಯವನಿಗೆ ತಿಳಿದಿರಬೇಕು
ಯಾವ ಲಕೋಟೆ ಒಡೆಯಬಾರದೆಂದು.

ಒಮ್ಮೆ ಪತ್ರಿಕೆ ಓದಿದೆ:
ಇಂಡಿಯಾದಲ್ಲಿ ಕಾಳಿಲ್ಲವೆಂದು
ಜಾವಾದವರು ಅಕ್ಕಿ ಕಳಿಸುತ್ತಾರಂತೆ,
ಬದಲಿಗೆ ಬಟ್ಟೆ ಸಾಕಂತೆ.
ಅವನು ಅನ್ನದ ತಟ್ಟೆ ಸರಿಸಿ ಎದ್ದುಹೋದ.

ನಮಗೆ ಬಿಡುಗಡೆ ಬಂದ ರಾತ್ರಿ
ಪೇಟೆಯ ಕೋವಿಗಳೆಲ್ಲ ಬೊಬ್ಬಿಟ್ಟವು.
ಮೇದಪ್ಪ ತನ್ನದಕ್ಕೆ ಎಣ್ಣೆ ಹಚ್ಚಿ ಒಳಗಿಟ್ಟ.
ಪುತ್ತರಿಗೂ ತೆಗೆಯಲಿಲ್ಲ.
ಕೊಡವನ ಕೋವಿಗೆ ಲೈಸೆನ್ಸಿಲ್ಲ,
ದೊರೆಗಳು ಕೊಟ್ಟ ಮರ್ಯಾದೆ, ಎಂದು ಯಾರಾದರೂ ಮೀಸೆ ತೀಡಿದರೆ
"ಹೌದೌದು, ಎಲ್ಲೆಲ್ಲಿ ಹೊಡೆಯಬೇಕೆಂಬ ಪಟ್ಟಿಯನ್ನೂ ಅವರೇ ಕೊಟ್ಟರು"
ಅನ್ನುತ್ತಿದ್ದ.

ನಲವತ್ತೊಂಬತ್ತು ಮುಗಿಯಲು ಎರಡೇ ದಿನ.
ಮಂಜು ಇನ್ನೂ ಗದ್ದೆ ಬಿಟ್ಟಿರಲಿಲ್ಲ.
ಪತ್ರಿಕೆಯ ಒಳಪುಟದಲ್ಲಿ, ಸೋಪಿನ ಜಾಹೀರಾತಿನ ಕೆಳಗೆ,
ನಾಲ್ಕು ಸಾಲು: ಡಚ್ಚರ ಬಾವುಟ ಇಳಿಯಿತು.
ಎರಡು ಸಲ ಓದಿಸಿದ.
ಚಹಾ ಕುಡಿ ಎಂದೂ ಅನ್ನಲಿಲ್ಲ.

ನಾನು ಏರಿ ದಾಟುವಷ್ಟರಲ್ಲಿ ಬೆನ್ನ ಹಿಂದೆ ಈಡು.
ಕೂಡಲೇ ಇನ್ನೊಂದು.
ಎರಡು ಎಂದರೆ ಸಾವು.
ಕಣದಲ್ಲಿದ್ದವರು ಹುಲ್ಲು ಕೊಡವಿಕೊಂಡು ಓಡಿದರು.
ಅರ್ಧ ದಾರಿಯಲ್ಲಿರುವಾಗ
ಮತ್ತೊಂದು, ಒಂಟಿಯಾಗಿ.

ಒಂದು ಎಂದರೆ ಗಂಡು ಮಗು.

ಓಡುತ್ತಿದ್ದವರು ನಿಂತರು.
ಅಳಲು ಸಿದ್ಧಮಾಡಿಕೊಂಡ ಮುಖವನ್ನು
ಎಲ್ಲಿಡಬೇಕೆಂದು ತಿಳಿಯದೆ
ಒಬ್ಬರನ್ನೊಬ್ಬರು ನೋಡಿದರು.
"ಯಾರ ಮನೆಯಲ್ಲಿ? ಸತ್ತದ್ದೋ, ಹುಟ್ಟಿದ್ದೋ?"
ಬೊಳ್ಳಮ್ಮ ಕೇಳಿದ್ದು ನನ್ನನ್ನೇ.
ಓದಿ ಹೇಳುವವನು ನಾನಲ್ಲವೇ.

ಚೀಲದ ಹೆಗಲು ಬದಲಿಸಿದೆ.
ದೂರದ ನೆಂಟರು, ಅಂದೆ.