ತಾಸಿಗೆ ಇಪ್ಪತ್ತೊಂಬತ್ತು ಡಿಗ್ರಿ

ರಾಯಬಂದರ ಧಕ್ಕೆ. ಫೆರಿ ಹಲಗಿ ಇಳಿಸೋದು ನನ್ನ ಕೆಲಸ.
ಹನ್ನೊಂದು ವರ್ಷ ಆತು. ನೀರು ಎಷ್ಟು ಏರೇತಿ ನೋಡಬೇಕು,
ಸರಪಳಿ ಅಷ್ಟ ಬಿಡಬೇಕು.
ಗೇಣು ಹೆಚ್ಚುಕಮ್ಮಿ ಆದ್ರ
ಚೋಡಣದ ಪಾದ್ರಿ ಸ್ಕೂಟರ್ ಸಮೇತ ಮಾಂಡವಿಗೆ.

ಮಗಳು ಸಾವಂತ್ರಿ ಹನ್ನೊಂದನೇತ್ತೆ.
ರವಿವಾರ ಟಿಕೀಟ ಖೋಲಿ ನೆರಳಾಗ ಕುಂತು
ಚೌಕಳಿ ಹಾಳಿ ಮ್ಯಾಲ ಹಾವು ಬರೀತಾಳ,
ಏರತೈತಿ, ಇಳೀತೈತಿ, ಮತ್ತ ಏರತೈತಿ.
"ಪೀರಿಯಡ್ ಕೊಟ್ಟಾರಪ್ಪಾ,
ಸಮೀಕರಣ ಹುಡುಕು ಅಂತಾರ. ಬರೇ ಪೀರಿಯಡ್."
ನನಗ ಗೊತ್ತಿದ್ದ ಪೀರಿಯಡ್ ಅಂದ್ರ ಸಾಲಿ ಗಂಟಿ,
ಅದೂ ಆರನೇತ್ತೆತನಕ.
ಆಕಿ ಪೆನ್ಸಿಲ್ ತುದಿ ಕಚ್ಚಿ ಹೇಳತಾಳ:
"ಹೊಂಟ ಅಲಿ ಹೊಂಟಲ್ಲಿಗೇ ಬಂದು
ಮತ್ತ ಅದ ಮಾರಿ ತೋರಸಾಕ ಹಿಡಿಯೋ ಹೊತ್ತು."

ಓಹೋ. ಅಂದ್ರ ಭರತಿಯ ಪಾಳಿ.
ಹನ್ನೆರಡೂವರಿ ತಾಸಿಗೆ ಐದು ನಿಮಿಷ ಕಮ್ಮಿ.
ನನಗ ಗಡಿಯಾರ ಬ್ಯಾಡ, ಮೊಣಕಾಲು ಹೇಳತಾವು.
ಚಂದ್ರಪ್ಪ ಡ್ಯೂಟಿಗೆ ದಿನಾ ಐವತ್ತು ನಿಮಿಷ ತಡಾ ಬರತಾನ,
ಅವಗ ಯಾವ ಸಾಹೇಬಾನೂ ಮೆಮೊ ಕೊಟ್ಟಿಲ್ಲ.

ಸಾವಂತ್ರಿ ನಗಲಿಲ್ಲ. ಬರಕೊಂಡಳು.
"ಒಂದು ಸುತ್ತಂದ್ರ ಮುನ್ನೂರಾ ಅರವತ್ತು ಡಿಗ್ರಿ.
ಪಾಳಿಯಿಂದ ಭಾಗಿಸು:
ತಾಸಿಗೆ ಇಪ್ಪತ್ತೊಂಬತ್ತು."
ಒಂದು ಸೊನ್ನಿ ಬರದು ಅದರಾಗ ಮುಳ್ಳು ತಿರುಗಿಸಿದಳು
ಎತ್ತು ಗಾಣ ಸುತ್ತಿದಂಗ.
ಮುಳ್ಳಿನ ತುದಿ ಎಷ್ಟು ಎತ್ತರ ಐತಿ ಅನ್ನೋದಷ್ಟ ಸೈನ್,
ಉಳಿದದ್ದೆಲ್ಲಾ ದಾರಿಖರ್ಚು ಅಂದಳು.

"ಪುಸ್ತಕದ ಅಲಿ ನಡೂ ಗೆರಿಯಿಂದ ಹೊಂಡತೈತಿ.
ನಿನ್ನ ನೀರಿಗೆ ನಡೂ ಯಾವುದು?"

ತೋರಿಸಿದೆ:
ಮೆಟ್ಟಲಿಗೆ ನಾನ ಉಳಿಯಿಂದ ಕೊರದ ಗೀಟು,
ಸುಕತಿಗೆ ಎರಡನೇದು, ಭರತಿಗೆ ಎಂಟನೇದು.
ನಡೂ ಐದು. ಅಲ್ಲಿಂದ ಮೂರು ಮ್ಯಾಲ, ಮೂರು ಕೆಳಗ.
ಐದು, ಕೂಡಿಸು, ಮೂರು ಸಲ ಸೈನ್...
ನನ್ನ ಹನ್ನೊಂದು ವರ್ಷ ಒಂದ ಸಾಲಿನಾಗ ಹಿಡಿಸಿ
ಬಲಕ್ಕ ಇನ್ನೂ ಜಾಗಾ ಉಳದಿತ್ತು.

ಗುರುವಾರ ನಸಿಕ್ಯಾಗ ಆರಕ್ಕ
ನೀರು ಏರತಾ ಐದನೇ ಮೆಟ್ಟಲಾ ಮುಟ್ಟಿತು. ಅಲ್ಲಿಂದ ಎಣಿಸಿದ್ವಿ.
ಒಂಬತ್ತಕ್ಕ ಎಂಟನೇದು. ಹೌದು.
ಮಧ್ಯಾಹ್ನ ಮೂರೂಕಾಲಿಗೆ ಎರಡನೇದು. ಹೌದಂದ್ರ ಹೌದು.
ತಾಂಡೇಲ ಪುಂಡಲೀಕ ಖುಷಿಗೆ ಹಾರ್ನ್ ಹೊಡದ.
ರಾತ್ರಿ ಒಂಬತ್ತೂವರಿಗೆ ಮತ್ತ ಎಂಟು ಬರಬೇಕು.
ಬ್ಯಾಟರಿ ಬಿಟ್ಟು ನೋಡಿದ್ರ ಏಳು.
ಎಂಟನೇ ಮೆಟ್ಟಲ ಒಣಾ ಕಲ್ಲ ಮ್ಯಾಲ ಒಂದು ಏಡಿ ಕುಂತು
ನಮ್ಮನ್ನ ನೋಡತಿತ್ತು.

ಆಕಿ ಮಾರಿ ಸಣ್ಣದಾತು. "ಎಲ್ಲೆ ತಪ್ಪಿತಪ್ಪಾ?"
ತಪ್ಪಿಲ್ಲವಾ. ಈ ದಿನದಾಗ ಎರಡನೇ ಭರತಿ ಮೈಗಳ್ಳ,
ಅದಕ್ಕ ರಾತ್ರಿ ನಾ ಸರಪಳಿ ಎರಡು ಕೊಂಡಿ ಹೆಚ್ಚ ಬಿಡತೇನಿ.
ಯಾಕ ಅಂತ ಯಾರೂ ಕೇಳಿರಲಿಲ್ಲ. ನಾನೂ.

ಪಣಜಿ ಕಡೆ ಕ್ಯಾಸಿನೊ ಹಡಗದ ದೀಪ
ನೀರಾಗ ಮುರಕೊಂಡು ಬೀಳತಿದ್ವು.
ಅದರಾಗ ಒಂದರ ಹೊಟ್ಟ್ಯಾಗ ನನ್ನ ಹೇಣತಿ ಕಲ್ಲವ್ವ
ತಾಟು ತೊಳೀತಿದ್ದಳು. ರಾತ್ರಿ ಪಾಳಿ.
ಸಾವಂತ್ರಿ ಆ ಕಡೆ ನೋಡಿಕೋತನ ಅಂದಳು:
"ಒಳಗ ಇನ್ನೊಂದು ಅಲಿ ಐತಿ.
ಅರ್ಧಾ ಓಟದ್ದು. ಇದು ಎರಡು ಸುತ್ತು ಹಾಕಿದ್ರ ಅದು ಒಂದು.
ಮುಂಜಾನೆ ಕೈ ಹಚ್ಚಿ ಎತ್ತತೈತಿ, ರಾತ್ರಿ ಕೆಳಗ ಜಗ್ಗತೈತಿ."
ಕೂಡಿಸು ಗುರುತು ಹಾಕಿ, ಹದಿನಾಲ್ಕೂವರಿ ಡಿಗ್ರಿ ಅಂತ ಬರದಳು.
ಬಲಕ್ಕ ಉಳದ ಜಾಗಾ
ಅಷ್ಟಕ್ಕ ಸರಿ ಹೋತು.

ಶುಕ್ರವಾರ, ಆರರ ಫೆರಿ.
ಚೀಟಿ ಮ್ಯಾಲ ಬರದು ಕೊಟ್ಟಿದ್ದಳು:
ನಾಲ್ಕನೇ ಮೆಟ್ಟಲಕಿಂತ ಚೂರು ಕೆಳಗ.
ಮೊದಲನೇ ಸಲ ನೀರು ನೋಡದ ಸರಪಳಿ ಬಿಟ್ಟೆ.

ಕಲ್ಲವ್ವ ನಿದ್ದಿಗಣ್ಣಾಗ ಬಂದಳು, ಕೈಯಾಗ ಚಪ್ಪಲಿ,
ಸೋಪಿನ ನೀರಿಗೆ ಬೆಳ್ಳಗ ಸುಕ್ಕಾದ ಬಟ್ಟು.
ಹಲಗಿ ದಾಟಿ ಒಳಗ ಕಾಲಿಟ್ಟಾಕಿ
ತಿರುಗಿ ನೋಡಿದಳು:

"ಇವತ್ತ್ಯಾಕ ಧಡ್ ಅನ್ನಲಿಲ್ಲ ಇದು?"